ಗಾಡಿಗೆ ಎಣ್ಣೆ ಹಾಕೋದು ಯಾರ ಕೆಲಸ? ಕೀಲೆಣ್ಣೆಯಿಂದ ಸರ್ವಿಸ್ ಬಿಲ್‌ವರೆಗೆ

ಭಾಗ 1

ಒಂದು ಪ್ರಶ್ನೆ ಕೇಳ್ತೀನಿ, ಪ್ರಾಮಾಣಿಕವಾಗಿ ಉತ್ತರ ಹೇಳಿ. ನಿಮ್ಮ ಗಾಡಿಯ ಇಂಜಿನ್ ಆಯಿಲ್ ಕೊನೇ ಸಲ ಬದಲಾಗಿದ್ದು ಎಷ್ಟು ಕಿಲೋಮೀಟರ್‌ಗೆ? ಯಾವ ಗ್ರೇಡ್ ಹಾಕಿದ್ರು? ಹಳೇ ಆಯಿಲ್ ಎಲ್ಲಿಗೆ ಹೋಯ್ತು?

ನಮ್ಮ ಕಾಲೇಜ್ ಪಾರ್ಕಿಂಗ್‌ನಲ್ಲಿ ಇದನ್ನ ಹತ್ತಾರು ಜನಕ್ಕೆ ಕೇಳಿದೆ. ಟಯರ್ ಸೈಜ್ ಗೊತ್ತು, ಟಾಪ್ ಸ್ಪೀಡ್ ಗೊತ್ತು, ಎಕ್ಸಾಸ್ಟ್ ಸೌಂಡ್ ಬಾಯಲ್ಲೇ ಮಾಡಿ ತೋರಿಸ್ತಾರೆ. ಆಯಿಲ್ ಅಂದ್ರೆ ಮಾತ್ರ "ಸರ್ವಿಸ್‌ಗೆ ಬಿಟ್ಟಾಗ ಅವರೇ ಹಾಕ್ತಾರೆ" ಅನ್ನೋ ಒಂದೇ ಉತ್ತರ. (ಎಣ್ಣೆ ಅಂದ ತಕ್ಷಣ ಬೇರೆ ಎಣ್ಣೆ ನೆನಪಾದವರು ದಯವಿಟ್ಟು ಹಿಂದಿನ ಬೆಂಚಿಗೆ ಹೋಗಿ.)

ಗಾಡಿ ಇಟ್ಕೊಂಡವನೇ ಗಾಡಿಗೆ ಎಣ್ಣೆ ಹಾಕೋದು ಒಂದು ಕಾಲಕ್ಕೆ ಎಲ್ಲರಿಗೂ ಗೊತ್ತಿದ್ದ ಕೆಲಸ. ಅದು ಹೇಗೆ ಇನ್ನೊಬ್ಬರ ಕೆಲಸ ಆಯ್ತು? ಯಾವಾಗ ಬಿಲ್ ಆಯ್ತು? ಆ ಕಥೆ ನಾನಂದ್ಕೊಂಡಿದ್ದಕ್ಕಿಂತ ಉದ್ದ ಇದೆ, ಅದಕ್ಕೇ ಸರಣಿ ಮಾಡ್ತಿದೀನಿ. ಸೇವ್ ಮಾಡ್ಕೊಳಿ, ಬಸ್ಸಲ್ಲಿ ಓದಬಹುದು.

ಭಾಗ 2

ಶುರು ಮಾಡೋದು ಬೈಕಿಂದ ಅಲ್ಲ, ಎತ್ತಿನ ಗಾಡಿಯಿಂದ.

ಹಳ್ಳಿ ಕಡೆಯವರಿಗೆ "ಕೀಲೆಣ್ಣೆ" ಅನ್ನೋ ಪದ ಗೊತ್ತಿರತ್ತೆ. ಗೊತ್ತಿಲ್ಲದವರು ಅಜ್ಜನ್ನ ಕೇಳಿ, ಮುಖ ಅರಳತ್ತೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಮಾಡೋ ಕಪ್ಪಗಿನ ಅಂಟು ಪದಾರ್ಥ ಅದು. ಗಾಡಿಯ ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಹಚ್ಚೋಕೆ. ಬಿದಿರಿನ ಗೊಟ್ಟದಲ್ಲೋ ಹಳೇ ಡಬ್ಬದಲ್ಲೋ ತುಂಬಿ, ಅದರೊಳಗೆ ಒಂದು ಕಡ್ಡಿಗೆ ಬಟ್ಟೆ ಸುತ್ತಿ ಇಟ್ಟು, ಗಾಡಿ ಕೆಳಗೇ ನೇತು ಹಾಕ್ತಿದ್ರು. ಅಂದ್ರೆ ಸರ್ವಿಸ್ ಸೆಂಟರ್ ಗಾಡಿ ಜೊತೆಗೇ ನೇತಾಡ್ತಾ ಬರ್ತಿತ್ತು.

ಕೆಲಸದ ಕ್ರಮ ನೋಡಿ. ಮೂಕಿಗೆ ಆಸರೆ ಕೊಡು, ಅಚ್ಚು ಎತ್ತು, ಕಡಾಣಿ ಕಿತ್ತು ಗಾಲಿ ಸ್ವಲ್ಪ ಹೊರಕ್ಕೆ ಎಳಿ, ಹಳೇ ಗಸಿ ಒರೆಸು, ಹೊಸದು ಹಚ್ಚು, ಗಾಲಿ ತಳ್ಳಿ ಕಡಾಣಿ ಹಾಕು. ಇವತ್ತು ಮೆಕ್ಯಾನಿಕ್ ಮಾಡೋದೂ ಇಷ್ಟೇ: ಕೊಳೆ ತೆಗಿ, ಹೊಸದು ಹಾಕು. ಕಡಾಣಿ ಜಾಗದಲ್ಲಿ ಡ್ರೈನ್ ಬೋಲ್ಟ್ ಬಂದಿದೆ ಅಷ್ಟೆ.

ಕೀಲೆಣ್ಣೆ ಹಾಕಬೇಕು ಅಂತ ನೆನಪಿಸೋಕೆ ಯಾವ ಸ್ಟಿಕ್ಕರೂ ಇರಲಿಲ್ಲ. ಗಾಲಿ ಕಿರ್ ಅಂತಿತ್ತು, ಎತ್ತು ಹೆಚ್ಚು ಏದುಸಿರು ಬಿಡ್ತಿತ್ತು. ಗಾಡಿ ಹೊಡೆಯೋನಿಗೆ ಅದು ಕೇಳಿಸ್ತಿತ್ತು. ಬಡಗಿ, ಕಮ್ಮಾರ ಊರಲ್ಲೇ ಇದ್ರು, ಗಾಲಿ ಪಟ್ಟಿ ಹಾಕೋಕೆ ಅವರೇ ಬೇಕು. ಆದ್ರೆ ಎಣ್ಣೆಗೆ ಅಂತ ಕಮ್ಮಾರನ ಮನೆಗೆ ಯಾರೂ ಹೋಗ್ತಿರಲಿಲ್ಲ. ಯಾವ ಕೆಲಸ ನನ್ನದು, ಯಾವ ಕೆಲಸ ಪರಿಣತನದು ಅನ್ನೋ ಗೆರೆ ಆಗ್ಲೇ ಇತ್ತು. ಎಣ್ಣೆ ಆ ಗೆರೆಯ ಈ ಕಡೆ ಇತ್ತು.

ಭಾಗ 3

ಈಗ ರೈಲು.

ಉಗಿ ಇಂಜಿನ್ ಬಂದಾಗ ದೊಡ್ಡ ತಲೆನೋವು ಎಣ್ಣೆಯದೇ. ಪ್ರಾಣಿಗಳ ಕೊಬ್ಬು, ಸಸ್ಯದ ಎಣ್ಣೆ ಹಾಕ್ತಿದ್ರು. ಬಿಸಿ ಉಗಿಗೆ ಅವು ಕೆಟ್ಟು ಆಮ್ಲ ಆಗಿ ಲೋಹವನ್ನೇ ತಿಂತಿದ್ವು. ಜೊತೆಗೆ ಇಂಜಿನ್ ಆಗಾಗ ನಿಲ್ಲಿಸಿ, ಒಬ್ಬ ಇಳಿದು, ಕ್ಯಾನ್ ಹಿಡ್ಕೊಂಡು ಒಂದೊಂದು ಕೀಲಿಗೂ ಎಣ್ಣೆ ಬಿಡಬೇಕು.

ಇಲ್ಲಿ ಒಂದು ಹೆಸರು ನೆನಪಿಟ್ಕೊಳಿ: ಎಲೈಜಾ ಮೆಕಾಯ್. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಕೆನಡಾಕ್ಕೆ ಓಡಿಹೋದ ತಂದೆ-ತಾಯಿಯ ಮಗ. ಸ್ಕಾಟ್ಲೆಂಡಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕಲಿತು ಬಂದ. ಕಪ್ಪು ಜನಾಂಗದವನು ಅಂತ ಅಮೆರಿಕದಲ್ಲಿ ಇಂಜಿನಿಯರ್ ಕೆಲಸ ಕೊಡಲಿಲ್ಲ. ರೈಲಿನಲ್ಲಿ ಕಲ್ಲಿದ್ದಲು ಹಾಕಿ, ಎಣ್ಣೆ ಬಿಡೋ ಕೆಲಸ ಸಿಕ್ತು. ಆ ಕೆಲಸದಲ್ಲೇ ಇದ್ದು, ಇಂಜಿನ್ ಓಡ್ತಾ ಇರುವಾಗಲೇ ತಾನಾಗೇ ಎಣ್ಣೆ ಬಿಡೋ ಕಪ್ ಒಂದನ್ನ ಮಾಡಿ 1872ರಲ್ಲಿ ಪೇಟೆಂಟ್ ತಗೊಂಡ. ಎಣ್ಣೆ ಬಿಡೋ ಕೈಯೇ ಯಂತ್ರಕ್ಕೆ ಆ ಕೆಲಸ ಕಲಿಸ್ತು. ಈ ಪೂರ್ತಿ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಇವನೇ.

ಇನ್ನೊಂದು ಕಡೆ, 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಲ್ಲಿ ಕಚ್ಚಾ ತೈಲ ಸಿಕ್ತು. ಎಲ್ಲರಿಗೂ ಬೇಕಾಗಿದ್ದು ದೀಪದ ಸೀಮೆಎಣ್ಣೆ. ಜಾನ್ ಎಲಿಸ್ ಅನ್ನೋ ಡಾಕ್ಟರ್ ಮಾತ್ರ ಕಚ್ಚಾ ತೈಲದಿಂದ ಔಷಧಿ ಆಗತ್ತಾ ಅಂತ ನೋಡೋಕೆ ಹೋಗಿ, ಉಗಿ ಇಂಜಿನ್ನಿನ ವಾಲ್ವ್‌ಗೆ ಒಳ್ಳೇದು ಅಂತ ಕಂಡ್ಕೊಂಡ. 1866ರಲ್ಲಿ ಕಂಪನಿ ಶುರು ಮಾಡಿದ. ಮುಂದೆ ವಾಲ್ವ್ ಅನ್ನೋದರಿಂದಲೇ ವಾಲ್ವೊಲೀನ್ ಅನ್ನೋ ಹೆಸರು ಬಂತು. ಇವತ್ತೂ ಸ್ಪೇರ್ಸ್ ಅಂಗಡಿ ಶೆಲ್ಫ್‌ನಲ್ಲಿ ಕಾಣೋದು ಅದೇ ಹೆಸರು.

ಭಾಗ 4

ಕ್ಯಾಸ್ಟ್ರಾಲ್ ಹೆಸರು ಎಲ್ಲಿಂದ ಬಂತು ಗೊತ್ತಾ? ಕ್ಯಾಸ್ಟರ್ ಆಯಿಲ್. ಅಂದ್ರೆ ನಮ್ಮ ಹರಳೆಣ್ಣೆ. ಅಜ್ಜಿ ತಲೆಗೆ ತಟ್ಟೋದು, ಹೊಟ್ಟೆ ಕಟ್ಟಿದ್ರೆ ಕುಡಿಸೋದು, ಕೀಲೆಣ್ಣೆಗೆ ಕಲಸೋದು ಎಲ್ಲಾ ಅದೇ.

ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನೋರು 1899ರಲ್ಲಿ ಲಂಡನ್ನಿನಲ್ಲಿ ಎಣ್ಣೆ ಕಂಪನಿ ಶುರು ಮಾಡಿದ್ರು. 1909ರ ಹೊತ್ತಿಗೆ ಕಾರು, ವಿಮಾನದ ಹೊಸ ಇಂಜಿನ್‌ಗಳಿಗೆ ಅಂತ ಹರಳೆಣ್ಣೆ ಬೆರೆಸಿದ ಎಣ್ಣೆ ತಂದು ಕ್ಯಾಸ್ಟ್ರಾಲ್ ಅಂತ ಹೆಸರಿಟ್ರು. ತಣ್ಣಗಿದ್ದಾಗ ಹರೀಬೇಕು, ಕಾದಾಗ ನೀರಾಗಬಾರದು: ಇದಕ್ಕೆ ಹರಳೆಣ್ಣೆ ಅದ್ಭುತ. ಮೊದಲ ಮಹಾಯುದ್ಧದ ರೋಟರಿ ಇಂಜಿನ್ ವಿಮಾನಗಳಿಗೆ ಅದೇ ಬೇಕಿತ್ತು, ಯಾಕಂದ್ರೆ ಅದು ಪೆಟ್ರೋಲ್‌ನಲ್ಲಿ ಸುಲಭವಾಗಿ ಕರಗಲ್ಲ. ಆ ಇಂಜಿನ್‌ಗಳು ಹಾಕಿದ ಎಣ್ಣೆಯನ್ನೆಲ್ಲ ಹೊಗೆ ಜೊತೆ ಹೊರಗೆ ಎರಚ್ತಿದ್ವು. ಪೈಲಟ್ ಮುಖಕ್ಕೆ, ಮೂಗಿಗೆ, ಬಾಯಿಗೆ. ಹರಳೆಣ್ಣೆ ಹೊಟ್ಟೆಗೆ ಹೋದ್ರೆ ಏನಾಗತ್ತೆ ಅಂತ ನಾನು ಹೇಳಬೇಕಿಲ್ಲ. ಇತಿಹಾಸದ ಪುಸ್ತಕದಲ್ಲಿ ವೀರರ ಫೋಟೋ ಇರತ್ತೆ, ಈ ಭಾಗ ಇರಲ್ಲ.

ಹರಳು ಬೀಜ ಜಗತ್ತಿನಲ್ಲೇ ಹೆಚ್ಚು ಬೆಳೆಯೋದು ಭಾರತ, ಅದರಲ್ಲೂ ಗುಜರಾತ್. ನಮ್ಮ ಬಯಲುಸೀಮೆ ಹೊಲದ ಬದುವಲ್ಲೂ ಕಾಣಿಸತ್ತೆ. ನಿಮ್ಮ ಡಬ್ಬದಲ್ಲಿರೋ ಆಯಿಲ್ ಈಗ ಖನಿಜ ತೈಲ ಅಥವಾ ಸಿಂಥೆಟಿಕ್. ಆದ್ರೂ ಹೆಸರಲ್ಲಿ ಹರಳು ಗಿಡ ಉಳ್ಕೊಂಡಿದೆ.

ಭಾಗ 5

ಸರಣಿಯ ಮುಖ್ಯ ಭಾಗ ಇದು, ನಿಧಾನಕ್ಕೆ ಓದಿ.

"ಆಯಿಲ್ ಚೇಂಜ್" ಅನ್ನೋದು ಗಾಡಿ ಹುಟ್ಟಿದಾಗಲೇ ಹುಟ್ಟಿದ್ದಲ್ಲ. ಮೊದಮೊದಲ ಮೋಟರ್ ಸೈಕಲ್‌ಗಳಲ್ಲಿ ಎಣ್ಣೆ ಒಂದೇ ದಿಕ್ಕಿಗೆ ಹೋಗ್ತಿತ್ತು. ಟ್ಯಾಂಕ್ ಪಕ್ಕ ಒಂದು ಕೈ ಪಂಪ್. ಓಡಿಸೋನು ಕೆಲವು ಮೈಲಿಗೊಂದ್ಸಲ ಅದನ್ನ ಒತ್ತಬೇಕು. ಎಣ್ಣೆ ಇಂಜಿನ್‌ಗೆ ಹೋಗಿ, ಸ್ವಲ್ಪ ಸುಟ್ಟು, ಸ್ವಲ್ಪ ಸೋರಿ ರಸ್ತೆ ಪಾಲು. ಇಂಗ್ಲಿಷಿನಲ್ಲಿ ಟೋಟಲ್ ಲಾಸ್ ಅಂತಾರೆ. ನಮ್ಮ ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ ಪೂರ್ತಿ ರೆವಿನ್ಯೂ ಖರ್ಚು, ಕ್ಲೋಸಿಂಗ್ ಸ್ಟಾಕ್ ಸೊನ್ನೆ. ಅಲ್ಲಿ ಬದಲಾಯಿಸೋಕೆ ಏನೂ ಉಳಿಯಲ್ಲ. ಬರೀ ಸೇರಿಸ್ತಾ ಇರೋದು.

ಎಣ್ಣೆಯನ್ನ ಕೆಳಗೆ ಒಂದು ಪಾತ್ರೆಯಲ್ಲಿ ಹಿಡಿದು ಮತ್ತೆ ಮತ್ತೆ ಉಪಯೋಗಿಸೋ ವ್ಯವಸ್ಥೆ ಬಂದ ಮೇಲೆ ಎಣ್ಣೆ ಉಳಿತಾಯ ಆಯ್ತು. ಜೊತೆಗೆ ಕೊಳೆಯೂ ಉಳೀತು. ಮಸಿ, ಸುಡದೆ ಉಳಿದ ಪೆಟ್ರೋಲ್, ನೀರಿನ ಪಸೆ, ಲೋಹದ ಪುಡಿ ಎಲ್ಲಾ ಅದೇ ಎಣ್ಣೆಯಲ್ಲಿ. ಆಗ "ಬದಲಾಯಿಸು" ಅನ್ನೋ ಕೆಲಸ ಹುಟ್ತು. ಉಳಿತಾಯದಿಂದ ಹುಟ್ಟಿದ ಖರ್ಚು ಇದು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ತಗೊಳ್ಳಿ. ಆಯಿಲ್ ಪಂಪೇ ಇಲ್ಲ. ಫ್ಲೈವೀಲ್ ತಿರುಗೋವಾಗ ಎಣ್ಣೆ ಎರಚಿ, ಒಂದು ಕೊಳವೆಯಲ್ಲಿ ಹರಿದು ಮುಂದಕ್ಕೆ ಹೋಗಬೇಕು. ಎಷ್ಟು ಎಣ್ಣೆ ಇದೆ ಅಂತ ನೋಡೋಕೆ ಕೆಳಗೆ ಎರಡು ಪುಟ್ಟ ನಲ್ಲಿ. ಮೇಲಿನದನ್ನ ತಿರುಗಿಸಿ, ಆಮೇಲೆ ಕೆಳಗಿನದನ್ನ. ಅದಕ್ಕೆ ಕಾರಿನ ಕೆಳಗೆ ತೂರಬೇಕು. ಓನರ್‌ಗೆ ಕೊಡೋ ಪುಸ್ತಕದಲ್ಲೇ ಎಣ್ಣೆ ಬಸಿದು ಹೊಸದು ಹಾಕೋದು ಹೇಗೆ ಅಂತ ಬರೆದಿತ್ತು, ಅದೂ ಇವತ್ತಿನ ಲೆಕ್ಕಕ್ಕೆ ತುಂಬಾ ಬೇಗ ಬೇಗ. ಕೊಂಡವರಲ್ಲಿ ರೈತರು ಬಹಳ. ಅವರಿಗೆ ಇದೇನು ಹೊಸದಲ್ಲ, ಬಂಡಿಗೆ ಗ್ರೀಸ್ ಹಚ್ಚಿ ಅಭ್ಯಾಸ ಇತ್ತು. ಕೀಲೆಣ್ಣೆ ಬುದ್ಧಿ ಸಮುದ್ರದ ಆಚೆಗೂ ಒಂದೇ.

1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಕಾರಿಗೆ ಆಯಿಲ್ ಫಿಲ್ಟರ್ ಮಾಡಿ, ಶುದ್ಧ ಎಣ್ಣೆ ಅನ್ನೋ ಅರ್ಥ ಬರೋ ಹಾಗೆ ಪ್ಯೂರೊಲೇಟರ್ ಅಂತ ಹೆಸರಿಟ್ಟ. ಫಿಲ್ಟರ್, ಒಳ್ಳೇ ಎಣ್ಣೆ, ಎಣ್ಣೆಗೆ ಬೆರೆಸೋ ರಾಸಾಯನಿಕ ಬರ್ತಾ ಬರ್ತಾ ಬದಲಾಯಿಸೋ ಅಂತರ ಉದ್ದ ಆಯ್ತು. ಕೆಲಸ ಅಪರೂಪ ಆದಷ್ಟೂ ಕೈಗೆ ಮರೆತು ಹೋಗತ್ತೆ. ಇದನ್ನ ಯಾರೂ ಪ್ಲಾನ್ ಮಾಡಿ ಮಾಡಿದ್ದಲ್ಲ.

ಭಾಗ 6

ಮೈಸೂರಿನವರೇ, ನಿಮ್ಮ ಸರದಿ.

ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ. ಫಾರೂಕ್ ಇರಾನಿ ಮತ್ತು ರುಸ್ತುಂ ಇರಾನಿ ಶುರು ಮಾಡಿದ್ದು, ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್. 1961ರಿಂದ ಇಲ್ಲಿ ಬೈಕ್ ತಯಾರಾಗೋಕೆ ಶುರುವಾಯ್ತು, 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು, 1996ಕ್ಕೆ ಬಾಗಿಲು ಮುಚ್ತು. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಆ ಬೈಕುಗಳು ಸಾಲಾಗಿ ಬರೋದನ್ನ ನೀವೂ ರೀಲ್ಸ್‌ನಲ್ಲಿ ನೋಡಿರ್ತೀರಿ.

ಅವು ಟೂ-ಸ್ಟ್ರೋಕ್. ಇಂಜಿನ್ ಎಣ್ಣೆಗೆ ಬೇರೆ ಪಾತ್ರೆ ಇಲ್ಲ, ಪೆಟ್ರೋಲ್‌ಗೇ ಬೆರೆಸಬೇಕು. ಲೀಟರ್‌ಗೆ ಸುಮಾರು 30ರಿಂದ 40 ಮಿಲಿಲೀಟರ್. ಕಡಿಮೆ ಆದ್ರೆ ಪಿಸ್ಟನ್ ಹಿಡ್ಕೊಳತ್ತೆ, ಜಾಸ್ತಿ ಆದ್ರೆ ಹೊಗೆ, ಪ್ಲಗ್‌ಗೆ ಮಸಿ. ಹೊಸ ಬೈಕಿಗೆ ಒಂದು ಅಳತೆ, ಓಡಿ ಪಳಗಿದ ಬೈಕಿಗೆ ಇನ್ನೊಂದು. ಬಂಕ್‌ನಲ್ಲಿ ಪೆಟ್ರೋಲ್ ಪಂಪ್ ಪಕ್ಕ ಟೂ-ಟಿ ಆಯಿಲ್‌ನ ಗಾಜಿನ ಜಾಡಿ, ತಿರುಗಿಸೋ ಹಿಡಿ. ಇದು ಐದನೇ ಭಾಗದಲ್ಲಿ ಹೇಳಿದ ಟೋಟಲ್ ಲಾಸ್ ಅಲ್ವಾ? ಹೌದು. 1910ರ ವ್ಯವಸ್ಥೆ ಯಾದವಗಿರಿಯಲ್ಲಿ 1996ರವರೆಗೂ ತಯಾರಾಗ್ತಿತ್ತು. ಬೈತಾ ಇಲ್ಲ, ಆ ಸೌಂಡಿಗೆ ನಾನೂ ಅಭಿಮಾನಿ.

ಒಂದು ಮಾತು: ಟೂ-ಸ್ಟ್ರೋಕ್‌ಗೆ ಆಯಿಲ್ ಚೇಂಜ್ ಬೇಡವೇ ಬೇಡ ಅನ್ಕೋಬೇಡಿ. ಗೇರ್‌ಬಾಕ್ಸ್ ಎಣ್ಣೆ ಬೇರೆ ಇರತ್ತೆ, ಅದನ್ನ ಬದಲಾಯಿಸಲೇಬೇಕು.

ಲಕ್ಷಾಂತರ ಜನ, ಮೇಷ್ಟ್ರು, ಪೊಲೀಸ್, ಹಾಲಿನವರು, ಪ್ರತಿ ಸಲ ಬಂಕ್‌ಗೆ ಹೋದಾಗ ಇಂಜಿನ್ ಎಣ್ಣೆಯ ಬಗ್ಗೆ ಒಂದು ತೀರ್ಮಾನ ತಗೋಬೇಕಿತ್ತು. ಬಜಾಜ್ ಚೇತಕ್ ಇದ್ದವರೂ ಹಾಗೇ. ಅವರೆಲ್ಲ ಮೆಕ್ಯಾನಿಕ್ ಅಲ್ಲ. ಆದ್ರೆ "ಎಷ್ಟು ಹಾಕಲಿ ಸಾರ್?" ಅಂತ ಕೇಳಿದಾಗ ಉತ್ತರ ಗೊತ್ತಿತ್ತು. ಆ ಪೀಳಿಗೆ ಗಾಡಿಯ ಬಗ್ಗೆ ಮಾತಾಡೋ ರೀತಿಯೇ ಬೇರೆ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಭಾಗ 7

1985. ಹೀರೋ ಹೋಂಡಾ ಸಿಡಿ 100 ಬಂತು. ಫೋರ್-ಸ್ಟ್ರೋಕ್, ಮೈಲೇಜ್ ಹುಚ್ಚು ಹಿಡಿಸೋ ಹಾಗೆ. ಜಾಹೀರಾತಿನ ತಿರುಳು ಏನು ಗೊತ್ತಾ? ಪೆಟ್ರೋಲ್ ತುಂಬಿಸು, ಮುಚ್ಚಳ ಮುಚ್ಚು, ಮರೆತುಬಿಡು. ಹೇಳಿದ್ದು ಪೆಟ್ರೋಲ್ ಬಗ್ಗೆ. ಜನ ಮರೆತಿದ್ದು ಎಣ್ಣೆಯನ್ನೂ.

ಫೋರ್-ಸ್ಟ್ರೋಕ್‌ನಲ್ಲಿ ಎಣ್ಣೆ ಕೆಳಗೆ ಕಣ್ಣಿಗೆ ಕಾಣದ ಹಾಗೆ ಕೂತಿರತ್ತೆ. ಹೊಗೆ ಬಂದು ಎಚ್ಚರಿಸಲ್ಲ. ನಮ್ಮ ಬೈಕುಗಳಲ್ಲಿ ಅದೇ ಒಂದು ಲೀಟರ್ ಆಸುಪಾಸಿನ ಎಣ್ಣೆ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ದುಡೀಬೇಕು. ಅದಕ್ಕೇ ಗೇರ್ ಬೈಕಿಗೆ ಡಬ್ಬದ ಮೇಲೆ ಜಾಸೊ ಎಂಎ ಅಂತ ನೋಡಿ ತಗೊಳ್ಳಿ. ಕಾರಿನ ಎಣ್ಣೆ ಅಗ್ಗಕ್ಕೆ ಸಿಕ್ತು ಅಂತ ಹಾಕಿದ್ರೆ ಕ್ಲಚ್ ಜಾರಬಹುದು. ಆಕ್ಟಿವಾ ಥರದ ಸ್ಕೂಟರ್‌ಗೆ ಒಣ ಕ್ಲಚ್, ಅದಕ್ಕೆ ಎಂಬಿ.

ಫೋರ್-ಸ್ಟ್ರೋಕ್ ಮೊದಲೇ ಇತ್ತು. ಮದ್ರಾಸಿನ ಬುಲೆಟ್ 1955ರಿಂದಲೇ ಇದೆ. ಹಳೇ ಬುಲೆಟ್‌ನಲ್ಲಿ ಇಂಜಿನ್‌ಗೆ ಒಂದು, ಪ್ರೈಮರಿ ಚೈನ್‌ಗೆ ಒಂದು, ಗೇರ್‌ಬಾಕ್ಸ್‌ಗೆ ಇನ್ನೊಂದು. ಬುಲೆಟ್ ಇಟ್ಕೊಂಡವನಿಗೆ ಸ್ಪ್ಯಾನರ್ ಗೊತ್ತಿರಲೇಬೇಕಿತ್ತು. ಹೊಸತು ಏನಂದ್ರೆ ಸ್ಪ್ಯಾನರ್ ಗೊತ್ತಿಲ್ಲದವನೂ ನಿಶ್ಚಿಂತೆಯಾಗಿ ಓಡಿಸೋ ಫೋರ್-ಸ್ಟ್ರೋಕ್.

ಅದೇ 1985ರಲ್ಲಿ ಬಂದ ಆರ್‌ಎಕ್ಸ್ 100 ಟೂ-ಸ್ಟ್ರೋಕ್ ಆದ್ರೂ ಎಣ್ಣೆ ತಾನೇ ಬೆರೆಸ್ಕೊಳ್ತಿತ್ತು. ಎರಡೂ ಕಡೆಯಿಂದ ಕೈ ಕೆಲಸ ಕಡಿಮೆ ಆಯ್ತು. ಆಮೇಲೆ ಹೊಗೆಯ ವಿಚಾರ. 1998ರ ಕೊನೆಗೆ ದೆಹಲಿಯಲ್ಲಿ ಬಿಡಿ ಟೂ-ಟಿ ಎಣ್ಣೆ ಮಾರಬಾರದು, ಬಂಕ್‌ನಲ್ಲೇ ಬೆರೆಸಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಗಡುವು ಕೊಡ್ತು. ಜನ ಬೇಕಾಬಿಟ್ಟಿ ಎಣ್ಣೆ ಸುರೀತಿದ್ರು, ಗಾಳಿ ಹಾಳಾಗ್ತಿತ್ತು, ನಿಜ. ಸ್ವಂತ ಕೈ ಯಾವಾಗಲೂ ಸರಿ ಅಂತ ನಾನು ಹೇಳಲ್ಲ.

ಭಾಗ 8

ಅಮೆರಿಕದ ಕಥೆ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ "ಹತ್ತು ನಿಮಿಷದಲ್ಲಿ ಆಯಿಲ್ ಚೇಂಜ್" ಅನ್ನೋ ವ್ಯಾಪಾರ ಹುಟ್ಟಿದ್ದು ಅಲ್ಲಿ.

ಅಲ್ಲಿನ ಪೆಟ್ರೋಲ್ ಬಂಕ್‌ಗಳಲ್ಲಿ ರಿಪೇರಿ ಮಾಡೋ ಜಾಗವೂ ಇರ್ತಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ನೀವೇ ತುಂಬಿಸ್ಕೊಳ್ಳೋ ಬಂಕ್‌ಗಳು ಹೆಚ್ಚಾಗಿ ರಿಪೇರಿ ಜಾಗ ಕಡಿಮೆ ಆಯ್ತು. ಆ ಜಾಗ ತುಂಬಿದ್ದು ಜಿಫಿ ಲೂಬ್ ಥರದ ಅಂಗಡಿಗಳು. 1971ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ಶುರುವಾಗಿದ್ದು. ಕಾರನ್ನ ಮೇಲೆತ್ತೋ ಬದಲು ನೆಲದಲ್ಲಿ ಗುಂಡಿ, ಕೆಳಗೊಬ್ಬ ಮೇಲೊಬ್ಬ, ಫ್ಯಾಕ್ಟರಿ ಲೈನ್ ಥರ. ಗಮ್ಮತ್ತು ನೋಡಿ: ಪೆಟ್ರೋಲ್ ತುಂಬಿಸೋದು ಗಿರಾಕಿ ಕೆಲಸ ಆಯ್ತು, ಎಣ್ಣೆ ಬದಲಾಯಿಸೋದು ಅಂಗಡಿ ಕೆಲಸ ಆಯ್ತು.

ಜೊತೆಗೆ 3,000 ಮೈಲಿಗೊಂದ್ಸಲ ಅನ್ನೋ ಮಂತ್ರ. ಒಂದು ಕಾಲಕ್ಕೆ ಸರಿ ಇತ್ತು. ಎಣ್ಣೆ, ಇಂಜಿನ್ ಸುಧಾರಿಸಿದ ಮೇಲೂ ಮಂತ್ರ ನಿಲ್ಲಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾ ಸರ್ಕಾರವೇ "ಇದು ಮಿಥ್ಯೆ, ಮ್ಯಾನ್ಯುವಲ್ ಓದಿ" ಅಂತ ಪ್ರಚಾರ ಮಾಡಬೇಕಾಯ್ತು. ನಮ್ಮಲ್ಲೂ ಇದೇ ಜಗಳ ಇದೆಯಲ್ಲ, ಮ್ಯಾನ್ಯುವಲ್ 6,000 ಕಿ.ಮೀ. ಅಂದ್ರೆ ಅಂಗಡಿಯವರು 2,500 ಅಂತಾರೆ. ಅವರೆಲ್ಲ ಮೋಸಗಾರರು ಅಂತಲ್ಲ. ಧೂಳು, ಟ್ರಾಫಿಕ್, ಹಳೇ ಗಾಡಿ ನೋಡಿ ಅವರು ಹೇಳೋದ್ರಲ್ಲಿ ಅರ್ಥ ಇರಬಹುದು. ಆದ್ರೆ ಎರಡೂ ಸಂಖ್ಯೆ ನಿಮಗೆ ಗೊತ್ತಿದ್ರೆ ಮಾತ್ರ ನೀವು ಕೇಳಬಹುದು, "ಯಾಕಣ್ಣ?"

ಭಾಗ 9

ಬಿಕಾಂನವರಿಗೆ ಇಷ್ಟ ಆಗೋ ಭಾಗ.

ನಮ್ಮ ದೇಶದಲ್ಲಿ ಎಣ್ಣೆ ಮಾರಾಟ ಬಂಕ್‌ಗೆ ಅಂಟ್ಕೊಂಡಿತ್ತು. 1970ರ ದಶಕದಲ್ಲಿ ಎಸ್ಸೊ, ಬರ್ಮಾ ಶೆಲ್, ಕ್ಯಾಲ್ಟೆಕ್ಸ್ ರಾಷ್ಟ್ರೀಕರಣ ಆಗಿ ಬಂಕ್‌ಗಳು ಸರ್ಕಾರಿ ಕಂಪನಿಗಳ ಕೈಗೆ ಬಂದ್ವು. ಇಂಡಿಯನ್ ಆಯಿಲ್‌ನ ಸರ್ವೊ ಬ್ರ್ಯಾಂಡ್ ಅದೇ ದಶಕದ್ದು. ಕ್ಯಾಸ್ಟ್ರಾಲ್‌ಗೆ ಬಂಕ್ ಇರಲಿಲ್ಲ. ಹಾಗಾಗಿ ಅದು ಸ್ಪೇರ್ಸ್ ಅಂಗಡಿ, ಗ್ಯಾರೇಜ್ ಬಾಗಿಲು ತಟ್ತು. 1991ರ ನಂತರ ಮಾರುಕಟ್ಟೆ ತೆರೆದಾಗ ವಿದೇಶಿ ಕಂಪನಿಗಳು ಒಂದರ ಹಿಂದೆ ಒಂದು ಬಂದ್ವು, ಎಲ್ಲರಿಗೂ ಬೇಕಾಗಿದ್ದು ಅದೇ ಬಾಗಿಲು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಡೆದು ನೋಡಿ, ಬೋರ್ಡ್‌ಗಳಲ್ಲೇ ಈ ಚರಿತ್ರೆ ಓದಬಹುದು.

ಇದರ ಫಲ: ಎಣ್ಣೆ ಆರಿಸೋನು ಗಾಡಿಯವನಲ್ಲ, ಮೆಕ್ಯಾನಿಕ್. ಕಂಪನಿಗಳಿಗೆ ಅದು ಗೊತ್ತು. ಟೀ ಶರ್ಟ್, ಕ್ಯಾಲೆಂಡರ್, ಸ್ಕೀಮ್ ಎಲ್ಲಾ ಮೆಕ್ಯಾನಿಕ್‌ಗೆ. ಮಾರ್ಕೆಟಿಂಗ್ ಪೇಪರ್‌ನಲ್ಲಿ "ಇನ್‌ಫ್ಲುಯೆನ್ಸರ್" ಬಗ್ಗೆ ಬರೀಬೇಕಾದ್ರೆ ಈ ಉದಾಹರಣೆ ಬರೀರಿ, ಫ್ರೀಯಾಗಿ ಕೊಡ್ತಿದೀನಿ.

ಆ ಮೆಕ್ಯಾನಿಕ್‌ಗಳು ಎಲ್ಲಿ ಕಲಿತ್ರು? ಬಹಳ ಜನ ಐಟಿಐಗೆ ಹೋದವರಲ್ಲ. ಹತ್ತು-ಹನ್ನೆರಡು ವಯಸ್ಸಿಗೆ "ಚೋಟು" ಆಗಿ ಸೇರಿ, ಮೊದಲ ಕೆಲಸ ಡ್ರೈನ್ ಬೋಲ್ಟ್ ಬಿಚ್ಚಿ ಹಳೇ ಎಣ್ಣೆ ಹಿಡಿಯೋದು. ಶಾಲೆ ಬಿಟ್ಟ ಕೈಗಳು ಅವು. 1986ರ ಕಾನೂನು, ಆಮೇಲೆ 2016ರ ತಿದ್ದುಪಡಿ ಬಂದ ಮೇಲೆ 14 ತುಂಬದ ಮಗುವನ್ನ ಗ್ಯಾರೇಜ್‌ನಲ್ಲಿ ಕೆಲಸಕ್ಕೆ ಇಟ್ಕೊಳ್ಳೋದು ಅಪರಾಧ. ಅಗ್ಗದ ಲೇಬರ್ ಚಾರ್ಜ್ ಅಂತ ನಾವು ಖುಷಿ ಪಟ್ಟಿದ್ದರ ಹಿಂದೆ ಎಷ್ಟೋ ಸಲ ಇದು ಇತ್ತು.

ಭಾಗ 10

ಸರಿ, ದುಡ್ಡಿನ ಲೆಕ್ಕ. ಕಾಸ್ಟ್ ಅಕೌಂಟಿಂಗ್‌ನಲ್ಲಿ "ಮೇಕ್ ಆರ್ ಬೈ" ಓದಿದೀವಲ್ಲ, ಅದೇ.

ಉದಾಹರಣೆಗೆ ಎಣ್ಣೆ 400 ರೂಪಾಯಿ, ಅಂಗಡಿ ಲೇಬರ್ 100 ಅಂತ ಇಟ್ಕೊಳ್ಳಿ. ಎಣ್ಣೆ ಎರಡೂ ಕಡೆ ಬೇಕು, ಹಾಗಾಗಿ ಲೆಕ್ಕಕ್ಕೆ ಬೇಡ. ತಪ್ಪಿಸಬಹುದಾದ ಖರ್ಚು 100 ಮಾತ್ರ. ಸ್ಪ್ಯಾನರ್, ಟ್ರೇ, ಫನೆಲ್ ಸೇರಿ 500. ವರ್ಷಕ್ಕೆ ಮೂರು ಸಲ ಬದಲಾಯಿಸಿದ್ರೆ ಉಳಿಯೋದು 300. ಪೇಬ್ಯಾಕ್ 20 ತಿಂಗಳು. ಹುರುಪಿನಿಂದ ಓದಿದವರಿಗೆ ಸಾರಿ, ಬೈಕ್ ಮಟ್ಟಿಗೆ ಇದರಲ್ಲಿ ಯಾರೂ ಶ್ರೀಮಂತರಾಗಲ್ಲ.

ಆದ್ರೆ ನಮ್ಮಪ್ಪ ಲಗೇಜ್ ಆಟೋ ಓಡಿಸ್ತಾರೆ. ಅವರ ಲೆಕ್ಕ ಬೇರೆ. ಅಂಗಡಿಗೆ ಬಿಟ್ರೆ ಅರ್ಧ ದಿನ ಕ್ಯೂ. ಅರ್ಧ ದಿನ ಅಂದ್ರೆ ಎರಡು ಬಾಡಿಗೆ. ಲೇಬರ್ ಚಾರ್ಜ್ ಬಿಲ್‌ನಲ್ಲಿ ಬರತ್ತೆ, ಹೋದ ಬಾಡಿಗೆ ಯಾವ ಬಿಲ್‌ನಲ್ಲೂ ಬರಲ್ಲ. ಆಪರ್ಚುನಿಟಿ ಕಾಸ್ಟ್ ಅಂತ ನಾನು ಎರಡನೇ ಸೆಮ್‌ನಲ್ಲಿ ಕಲಿತೆ. ಅಪ್ಪ ಆ ಪದ ಕೇಳಿಲ್ಲ, ಭಾನುವಾರ ರಾತ್ರಿ ಮನೆ ಮುಂದೆ ಟಾರ್ಚ್ ಹಿಡ್ಕೊಂಡು ಎಣ್ಣೆ ಬದಲಾಯಿಸ್ತಾರೆ. ಹಳೇ ನೋಟ್‌ಬುಕ್‌ನಲ್ಲಿ ಕಿಲೋಮೀಟರ್ ಬರೆದಿಡ್ತಾರೆ. ನನ್ನ ಫೀಸ್ ಬರೆದಿರೋದೂ ಅದೇ ನೋಟ್‌ಬುಕ್‌ನಲ್ಲಿ.

ಅದೇ ಅಪ್ಪ ಕ್ಲಚ್ ಪ್ಲೇಟ್‌ಗೆ, ಪಂಪ್‌ಗೆ ಕೈ ಹಾಕಲ್ಲ. ಸೀದಾ ಮೆಕ್ಯಾನಿಕ್. ಎತ್ತಿನ ಗಾಡಿಯವನ ಗೆರೆ ಅಂದ್ನಲ್ಲ ಎರಡನೇ ಭಾಗದಲ್ಲಿ, ಅದು ಇನ್ನೂ ಅಲ್ಲೇ ಇದೆ.

ಹಾಸ್ಟೆಲ್‌ನಲ್ಲಿ ಇರೋರಿಗೆ ಜಾಗ ಇಲ್ಲ, ಹಳೇ ಎಣ್ಣೆ ಇಡೋಕೆ ವ್ಯವಸ್ಥೆ ಇಲ್ಲ. ಅವರು ಅಂಗಡಿಗೇ ಹೋಗಿ. ಹೋದಾಗ ಪಕ್ಕದಲ್ಲಿ ನಿಂತ್ಕೊಳ್ಳಿ. ಡಬ್ಬದ ಸೀಲ್ ನಿಮ್ಮ ಎದುರೇ ಒಡೆಸಿ. ಖಾಲಿ ಡಬ್ಬಕ್ಕೆ ತೂತು ಹೊಡೆಸಿ, ಯಾಕಂದ್ರೆ ಬ್ರ್ಯಾಂಡ್ ಡಬ್ಬದಲ್ಲಿ ನಕಲಿ ತುಂಬಿ ಮಾರೋ ದಂಧೆ ಇದೆ. ಹುಡುಗೀರೇ, ನಿಮಗೂ ಹೇಳ್ತಿದೀನಿ. 1888ರಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಕಾರು ತಗೊಂಡು ಇಬ್ಬರು ಮಕ್ಕಳ ಜೊತೆ ನೂರು ಕಿಲೋಮೀಟರ್ ಹೋದ್ರು. ಕಟ್ಟಿಕೊಂಡ ಪೆಟ್ರೋಲ್ ಕೊಳವೆಯನ್ನ ಟೋಪಿ ಪಿನ್ನಿಂದ ಬಿಡಿಸಿದ್ದೂ ಅವರೇ. ಲೋಕದ ಮೊದಲ ಲಾಂಗ್ ಡ್ರೈವ್‌ನ ಮೆಕ್ಯಾನಿಕ್ ಒಬ್ಬ ಹೆಂಗಸು.

ಭಾಗ 11

"ಹೊರಗೆ ಕೈ ಹಾಕಿಸಿದ್ರೆ ವಾರಂಟಿ ಹೋಗತ್ತೆ."

ಈ ಮಾತಿಗೂ ಒಂದು ಚರಿತ್ರೆ ಇದೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ, ನಮ್ಮ ಬ್ರ್ಯಾಂಡ್ ಸಾಮಾನು, ನಮ್ಮ ಅಂಗಡಿಯೇ ಬೇಕು ಅಂತ ವಾರಂಟಿಗೆ ಷರತ್ತು ಹಾಕೋದನ್ನ ಸಾಮಾನ್ಯವಾಗಿ ತಡೀತು. ಭಾರತದಲ್ಲಿ ಶಂಶೇರ್ ಕಟಾರಿಯಾ ಅನ್ನೋರು ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ರು: ಕಾರು ಕಂಪನಿಗಳು ಬಿಡಿಭಾಗ, ರಿಪೇರಿ ಮಾಹಿತಿಯನ್ನ ಹೊರಗಿನ ಮೆಕ್ಯಾನಿಕ್‌ಗೆ ಕೊಡಲ್ಲ ಅಂತ. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕ್ತು. ಹೊರಗಿನವರ ಹತ್ರ ರಿಪೇರಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನೋ ಷರತ್ತು ಬೇಡ ಅಂತಲೂ ಹೇಳ್ತು. ಕಂಪನಿಗಳು ಮೇಲ್ಮನವಿಗೆ ಹೋದ್ವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಕೂಡ ತೆರೀತು.

ಆ ಆದೇಶ ಕಾರಿನದ್ದು, ಬೈಕಿನದ್ದಲ್ಲ. ಹಾಗಾಗಿ ಹೊಸ ಬೈಕ್ ಇದ್ದವರು ನನ್ನ ಪೋಸ್ಟ್ ತೋರಿಸಿ ಜಗಳ ಆಡಬೇಡಿ. ವಾರಂಟಿ ಪುಸ್ತಕ ಓದಿ, ಅವಧಿ ಮುಗಿಯೋವರೆಗೆ ಅದರ ಪ್ರಕಾರ ಮಾಡಿಸಿ, ಬಿಲ್ ಇಟ್ಕೊಳ್ಳಿ. "ಫ್ರೀ ಸರ್ವಿಸ್" ಅಂದ್ರೆ ಫ್ರೀ ಇರೋದು ಲೇಬರ್, ಎಣ್ಣೆಗೆ ದುಡ್ಡು ಕೊಡ್ತೀರಿ, 18% ಜಿಎಸ್‌ಟಿ ಸಮೇತ.

ಭಾಗ 12, ಕೊನೇದು

ಮೊದಲ ಭಾಗದ ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಹಳೇ ಎಣ್ಣೆ ಎಲ್ಲಿಗೆ ಹೋಯ್ತು?

ಕೀಲೆಣ್ಣೆ ಕಾಲದಲ್ಲಿ ಈ ಪ್ರಶ್ನೆ ದೊಡ್ಡದಾಗಿರಲಿಲ್ಲ, ಅದು ಹರಳು ಬೀಜ ಮತ್ತು ಹುಲ್ಲಿನ ಕರಿ. ಇಂಜಿನ್ ಎಣ್ಣೆ ಹಾಗಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಖನಿಜ ಎಣ್ಣೆ ಕಾರ್ಮಿಕರ ಬಟ್ಟೆಗೆ ನೆನೆದು ನೆನೆದು ಚರ್ಮದ ಕ್ಯಾನ್ಸರ್ ಬರ್ತಿತ್ತು. 1920ರ ದಶಕದಲ್ಲೇ ಸರ್ಕಾರಿ ಸಮಿತಿ ವಿಚಾರಣೆ ಮಾಡ್ತು, ನಿಯಮ ಬಂದಿದ್ದು 1953ಕ್ಕೆ. ಉಪಯೋಗಿಸಿದ ಇಂಜಿನ್ ಎಣ್ಣೆ ಬರಿಗೈಗೆ ಬೇಡ ಅನ್ನೋದು ಇದಕ್ಕೇ. ಗ್ಲೌಸ್ ಹಾಕ್ಕೊಳ್ಳಿ. ಗ್ಯಾರೇಜ್ ಹುಡುಗರು ಇಡೀ ದಿನ ಅದರಲ್ಲೇ ಕೈ ಇಟ್ಟಿರ್ತಾರೆ.

ನಮ್ಮಲ್ಲಿ ಅದು ಡ್ರಮ್‌ಗೆ ಹೋಗತ್ತೆ, ಡ್ರಮ್ಮಿಂದ ಗುಜರಿಯವರಿಗೆ. ಮನೆ ಕಟ್ಟೋರು ಸೆಂಟ್ರಿಂಗ್ ಶೀಟ್‌ಗೆ ಬಳೀತಾರೆ, ಗೆದ್ದಲು ಬರದೇ ಇರ್ಲಿ ಅಂತ ಮರಕ್ಕೆ ಹಚ್ತಾರೆ, ಕೆಲವರು ಕುಲುಮೆಯಲ್ಲಿ ಸುಡ್ತಾರೆ. ಉಳಿದಿದ್ದು ಚರಂಡಿಗೆ. ಒಂದು ಸಲ ಬದಲಾಯಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂಸ್ಥೆ ಹೇಳತ್ತೆ. ಅಲ್ಲಿನ ಲೆಕ್ಕ ಕಾರಿನದು. ನಮ್ಮ ಬೈಕಿಗೆ ಅದರ ಕಾಲು ಭಾಗ ಅಂತ ಇಟ್ಕೊಂಡ್ರೂ ಒಂದು ಕೆರೆ ಲೆಕ್ಕ ಹಾಕಿ.

ಇಲ್ಲಿ ಮಾತ್ರ ಅಂಗಡಿ ಗೆಲ್ಲಬಹುದು. ನೂರು ಗಾಡಿ ಎಣ್ಣೆ ಒಂದೇ ಕಡೆ ಸೇರತ್ತೆ, ಮರು ಸಂಸ್ಕರಣೆಗೆ ಕಳಿಸೋದು ಸುಲಭ. ನೂರು ಮನೇಲಿ ಒಂದೊಂದು ಲೀಟರ್ ಇದ್ರೆ ಯಾರು ಬಂದು ತಗೊಂಡು ಹೋಗ್ತಾರೆ? 2023ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸೋ, ಆಮದು ಮಾಡೋ ಕಂಪನಿಗಳೇ ಹಳೇ ಎಣ್ಣೆಯ ಮರುಸಂಸ್ಕರಣೆಗೆ ಹೊಣೆ ಅಂತ ಮಾಡಿದೆ. ಆದ್ರೆ ನಮ್ಮ ಬೀದಿ ಗ್ಯಾರೇಜ್‌ನ ಡ್ರಮ್ ನೋಡೋಕೆ ಯಾರೂ ಬಂದಿದ್ದನ್ನ ನಾನಿನ್ನೂ ನೋಡಿಲ್ಲ.

ಅಪ್ಪ ಹಳೇ ಎಣ್ಣೆಯನ್ನ ಅದೇ ಡಬ್ಬಕ್ಕೆ ತುಂಬಿ, ನಾಲ್ಕೈದು ಡಬ್ಬ ಆದ ಮೇಲೆ ಸಂಗ್ರಹ ಮಾಡೋ ಗ್ಯಾರೇಜ್‌ಗೆ ಕೊಟ್ಟು ಬರ್ತಾರೆ. ನೀವು ಮನೇಲಿ ಬದಲಾಯಿಸೋದಾದ್ರೆ ಡ್ರೈನ್ ಬೋಲ್ಟ್ ಬಿಚ್ಚೋ ಮೊದಲೇ ನಿಮ್ಮ ಏರಿಯಾದಲ್ಲಿ ಯಾರು ತಗೋತಾರೆ ಅಂತ ಕೇಳಿಟ್ಕೊಳ್ಳಿ.

ನಿಮ್ಮ ಮನೇಲಿ ಹಳೇ ಜಾವಾ ಅಥವಾ ಯೆಜ್ಡಿ ಕೈಪಿಡಿ, ಕೀಲೆಣ್ಣೆ ಗೊಟ್ಟ, ಬಂಕ್‌ನ ಟೂ-ಟಿ ಜಾಡಿ ಫೋಟೋ ಏನಿದ್ರೂ ಮೆಸೇಜ್ ಮಾಡಿ, ನಿಮ್ಮ ಹೆಸರು ಹಾಕಿ ಸ್ಟೋರಿಯಲ್ಲಿ ಹಾಕ್ತೀನಿ. ಮುಂದಿನ ಸರಣಿ ಪಂಕ್ಚರ್ ಅಂಗಡಿಗಳ ಬಗ್ಗೆ, ಇಂಟರ್ನಲ್ಸ್ ಮುಗಿದ ಮೇಲೆ.

#ಕೀಲೆಣ್ಣೆ #ಗಾಡಿಚರಿತ್ರೆ #ಮೈಸೂರುಜಾವಾ #ಬಿಕಾಂಲೆಕ್ಕ #ಆಯಿಲ್‌ಚೇಂಜ್